ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ 11: ಯಾರು ಹಾಕಿಸಬೇಕು, ಹೇಗೆ ಹಾಕಿಸಬೇಕು

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಸುರಕ್ಷಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕೊಪ್ಪಿಕರ್ ರೋಡಿನ ಬಟ್ಟೆ ಅಂಗಡಿ, ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿ, ಧಾರವಾಡ ಲೈನ್ ಬಜಾರಿನ ಜೆರಾಕ್ಸ್, ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್, ಎಲ್ಲ ಕಡೆಯೂ ಈಗ ಕೇಳಿಬರುವ ಮಾತು ಒಂದೇ: ‘11 ಹಾಕಿಸಬೇಕೇನ್ರೀ?’ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಯಂತ್ರ ಅರ್ಹವಾಗಿದ್ದು, ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕ್) ಮತ್ತು 8 ಜಿಬಿ ರ‍್ಯಾಮ್ ಇದ್ದರೆ ಹಾಕಿಸಿ, ಛಲೋ ಇದೆ. ಯಂತ್ರ ಅರ್ಹವಲ್ಲದಿದ್ದರೆ ಅಡ್ಡದಾರಿಯಲ್ಲಿ ಹಾಕಿಸಬೇಡಿ. ವಿಂಡೋಸ್ 11 ಹಾಕುವ ಕೆಲಸ ಈಗ ಬಹಳ ಸಲೀಸು. ತೊಂದರೆ ಕೊಡುವುದು ಅದಲ್ಲ. ಅದರ ಸುತ್ತ ಕೂತಿರುವ ಟ್ಯಾಲಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ ಕಡ್ಡಿ), ಬೆರಳಚ್ಚಿನ ಯಂತ್ರ, ನುಡಿ ಫಾಂಟು, ಇವು. ಈ ವಿಮರ್ಶೆಯ ಬಹುಪಾಲು ಅವುಗಳ ಬಗ್ಗೆಯೇ.

ಅರ್ಹತೆಯ ಲೆಕ್ಕ ಹೀಗಿದೆ. 64-ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಯಂತ್ರ ಬೂಟ್ ಆಗುವ ಹೊಸ ವಿಧಾನ), ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ ಕಾವಲು), ಟಿಪಿಎಂ 2.0 (ಸುರಕ್ಷಾ ಕೀಲಿಗಳನ್ನು ಕಾಪಿಡುವ ಸೌಲಭ್ಯ). ಇಂಟೆಲ್‌ನಲ್ಲಿ ಕೆಲವೇ ವಿನಾಯಿತಿ ಬಿಟ್ಟರೆ 8ನೇ ಪೀಳಿಗೆಯಿಂದ ಮುಂದಿನವು, ಎಎಂಡಿಯಲ್ಲಿ ರೈಜೆನ್ 2000 ಸರಣಿಯ ಬಹುತೇಕ ಮಾದರಿಗಳಿಂದ ಮುಂದಿನವು. ಇಂಟೆಲ್ ಪೀಳಿಗೆ ತಿಳಿಯಲು ಮಾದರಿ ಸಂಖ್ಯೆ ನೋಡಿದರೆ ಸಾಕು. ಐ3-7100 ಏಳನೆಯದು, ನಡೆಯುವುದಿಲ್ಲ. ಐ3-8100 ಎಂಟನೆಯದು, ನಡೆಯುತ್ತದೆ. ಐ5-10400 ಹತ್ತನೆಯದು. ಪೆಂಟಿಯಂನಲ್ಲಿ ಜಿ4560 ಇಲ್ಲ, ಜಿ5400 ಹೌದು. ಎಚ್61 ಬೋರ್ಡಿನ ಮೇಲೆ ಐ3-2100 ಅಥವಾ ಐ3-3220 ಕೂರಿಸಿದ ಅಸೆಂಬಲ್ಡ್ ಯಂತ್ರಗಳು ನಮ್ಮ ಕಡೆ ಇನ್ನೂ ಬೇಕಾದಷ್ಟು ಓಡುತ್ತಿವೆ. ಅವು ಈ ಸಾಲಿನಲ್ಲಿ ಬರುವುದೇ ಇಲ್ಲ. ಹೆಸರು ನೋಡಿ ಊಹೆ ಮಾಡುವ ಬದಲು ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಇಳಿಸಿಕೊಂಡು ಓಡಿಸಿ. ಯಾವ ಅಂಶದಲ್ಲಿ ಯಂತ್ರ ಫೇಲಾಗಿದೆ ಎಂಬುದನ್ನು ಅದು ಬಿಡಿಸಿ ಹೇಳುತ್ತದೆ.

4 ಜಿಬಿ ಎನ್ನುವುದು ಕಾಗದದ ಮೇಲಿನ ಅಳತೆ. ಟ್ಯಾಲಿ, ಎಡ್ಜ್ ಬ್ರೌಸರಿನಲ್ಲಿ ನಾಲ್ಕು ಟ್ಯಾಬು, ವಾಟ್ಸಾಪ್ ಇಷ್ಟು ತೆರೆದರೆ 4 ಜಿಬಿ ಯಂತ್ರ ತೆವಳುತ್ತದೆ. ಹಳೆಯ ಹಾರ್ಡ್‌ಡಿಸ್ಕಿನ ಮೇಲೆ ಹಾಕಿದರಂತೂ ಬೆಳಿಗ್ಗೆ ಅಂಗಡಿ ತೆರೆದು ಮೊದಲ ಬಿಲ್ ಹೊಡೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ. ಮೊದಲು 256 ಜಿಬಿಯದೊಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ, ಹಳೆಯ ಡಿಸ್ಕನ್ನು ಅದಕ್ಕೆ ಕ್ಲೋನ್ (ಯಥಾವತ್ ನಕಲು) ಮಾಡಿಸಿ, ಆಮೇಲೆ ಅಪ್‌ಗ್ರೇಡ್ ಮಾಡಿ. ಈ ಕ್ರಮ ತಿರುಗುಮುರುಗಾಗಬಾರದು. ಹಾರ್ಡ್‌ಡಿಸ್ಕಿನ ಮೇಲೆ ಅಪ್‌ಗ್ರೇಡ್ ಮಾಡಿಸಿದರೆ ಎಸ್‌ಎಸ್‌ಡಿಯಲ್ಲಿ ಮುಗಿಯುವ ಸಮಯದ ಮೂರು-ನಾಲ್ಕು ಪಟ್ಟು ಕೂರಬೇಕಾಗುತ್ತದೆ. ಬ್ಯಾಡ್ ಸೆಕ್ಟರ್ ಇದ್ದರೆ ನಡುವೆ ನಿಂತೇ ಹೋಗುತ್ತದೆ.

ಹೆಲ್ತ್ ಚೆಕ್ ‘ಟಿಪಿಎಂ ಇಲ್ಲ’ ಎಂದ ಕೂಡಲೇ ಹೊಸ ಕಂಪ್ಯೂಟರ್ ಖರೀದಿಗೆ ಓಡಬೇಡಿ. 8ನೇ ಪೀಳಿಗೆಯ ನಂತರದ ಬೋರ್ಡುಗಳಲ್ಲಿ ಟಿಪಿಎಂ ಸೌಲಭ್ಯ ಬಹುತೇಕ ಮೊದಲೇ ಇರುತ್ತದೆ, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ಅಡ್ವಾನ್ಸ್ಡ್ ಅಥವಾ ಸೆಕ್ಯುರಿಟಿ ಭಾಗದಲ್ಲಿ ಅದನ್ನು ಎನೇಬಲ್ ಮಾಡಿ ಸೇವ್ ಮಾಡಿದರೆ ಕೆಲಸ ಮುಗಿಯಿತು. ಇದಕ್ಕೆ ‘ಚಿಪ್ ಹಾಕಬೇಕು’ ಎಂದು ರೊಕ್ಕ ಕೇಳುವವರು ಸಿಕ್ಕರೆ ಆ ಅಂಗಡಿಯಿಂದ ಇಳಿದು ಬನ್ನಿ.

ನಿಜವಾಗಿ ತಲೆ ಕೆಡಿಸುವುದು ಡಿಸ್ಕಿನ ವಿಧ. ಅಸೆಂಬಲ್ ಮಾಡಿಕೊಟ್ಟವರು ಬಹಳ ಕಡೆ ಲೆಗಸಿ (ಹಳೆಯ ಬೂಟ್ ವಿಧಾನ) ಮೋಡಿನಲ್ಲಿ, ಎಂಬಿಆರ್ (ಹಳೆಯ ಪಾರ್ಟಿಷನ್ ವಿಧ) ಡಿಸ್ಕಿನ ಮೇಲೆ ವಿಂಡೋಸ್ 10 ಹಾಕಿಕೊಟ್ಟಿದ್ದಾರೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಎಂಎಸ್‌ಇನ್ಫೋ32’ (msinfo32) ತೆರೆದು ‘ಬಯೋಸ್ ಮೋಡ್’ ಎಂಬ ಸಾಲು ನೋಡಿ. ಯುಇಎಫ್‌ಐ ಎಂದಿದ್ದರೆ ಮುಂದೆ ಹೋಗಿ. ಲೆಗಸಿ ಎಂದಿದ್ದರೆ ಡಿಸ್ಕನ್ನು ಜಿಪಿಟಿ ಎಂಬ ಹೊಸ ವಿಧಕ್ಕೆ ಬದಲಿಸಬೇಕು. ಅದಕ್ಕೆ ಫಾರ್ಮ್ಯಾಟ್ ಬೇಕಿಲ್ಲ. ವಿಂಡೋಸ್ 10ರೊಳಗೇ ‘ಎಂಬಿಆರ್2ಜಿಪಿಟಿ’ ಎಂಬ ಕಮಾಂಡ್ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೊದಲು ‘ವ್ಯಾಲಿಡೇಟ್’ ಮತ್ತು ‘ಅಲೋಫುಲ್‌ಓಎಸ್’ ಸ್ವಿಚ್‌ಗಳೊಡನೆ (mbr2gpt /validate /allowFullOS) ಓಡಿಸಿ. ಪಾಸಾದರೆ ಮಾತ್ರ ‘ವ್ಯಾಲಿಡೇಟ್’ ಇದ್ದ ಜಾಗದಲ್ಲಿ ‘ಕನ್ವರ್ಟ್’ ಹಾಕಿ ಮತ್ತೊಮ್ಮೆ ಓಡಿಸಿ. ಬದಲಾದ ಕೂಡಲೇ ಬಯೋಸ್‌ಗೆ ಹೋಗಿ ಲೆಗಸಿ ಅಥವಾ ಸಿಎಸ್‌ಎಂ (ಲೆಗಸಿ ಬೂಟಿಗೆ ಬಯೋಸ್‌ನಲ್ಲಿರುವ ಇನ್ನೊಂದು ಹೆಸರು) ತೆಗೆದು ಯುಇಎಫ್‌ಐ ಮಾಡಲೇಬೇಕು. ಮಾಡದಿದ್ದರೆ ಯಂತ್ರ ಬೂಟ್ ಆಗುವುದಿಲ್ಲ, ನೋಡಿದವರು ‘ಡಿಸ್ಕ್ ಹೋಯಿತು’ ಎಂದು ಗಾಬರಿಯಾಗುತ್ತಾರೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ, ಮೋಡ್ ಬದಲಿಸಿದರೆ ಏಳುತ್ತದೆ.

ವ್ಯಾಲಿಡೇಷನ್ ಫೇಲಾಗಲು ಇಲ್ಲಿ ಸಾಮಾನ್ಯವಾಗಿ ಇರುವ ಕಾರಣ ಪಾರ್ಟಿಷನ್. ಸಿ, ಡಿ, ಇ, ಎಫ್ ಎಂದು ಡಿಸ್ಕ್ ತುಂಡು ಮಾಡಿ ಕೊಡುವ ರೂಢಿ ಹಳೆಯದು. ಈ ಕಮಾಂಡಿಗೆ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಬಾರದು, ಲಾಜಿಕಲ್ ಪಾರ್ಟಿಷನ್ ಇರಲೇಬಾರದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಸಿರು ಚೌಕಟ್ಟಿನೊಳಗೆ ಕಾಣುವ ಡ್ರೈವುಗಳೇ ಲಾಜಿಕಲ್. ಅವುಗಳಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ಹಾಕಿಕೊಂಡು, ಆ ಪಾರ್ಟಿಷನ್ ಅಳಿಸಿ, ಆಮೇಲೆ ಪರಿವರ್ತಿಸಿ. ಇನ್ನೊಂದು ಮಾತು: ಯಂತ್ರದಲ್ಲಿ ತೀರ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್‌ಎಂ ತೆಗೆದ ಮೇಲೆ ಪರದೆ ಕಪ್ಪಾಗಿಯೇ ಉಳಿಯಬಹುದು, ಏಕೆಂದರೆ ಆ ಕಾರ್ಡಿಗೆ ಯುಇಎಫ್‌ಐ ಅರ್ಥವಾಗುವುದಿಲ್ಲ. ಕಾರ್ಡ್ ತೆಗೆದು ಮಾನಿಟರನ್ನು ಬೋರ್ಡಿನ ಪೋರ್ಟಿಗೆ ಹಾಕಿ ನೋಡಿ.

32-ಬಿಟ್ ವಿಂಡೋಸ್ 10 ಇದ್ದವರಿಗೆ ಅಪ್‌ಗ್ರೇಡ್ ಎಂಬುದೇ ಇಲ್ಲ. ವಿಂಡೋಸ್ 11 ಬರುವುದು 64-ಬಿಟ್‌ನಲ್ಲಿ ಮಾತ್ರ, ಹಾಗಾಗಿ ಪೂರ್ತಿ ಹೊಸದಾಗಿ ಹಾಕಬೇಕು. ಇದು ಬರೀ ಹಾಕುವ ರೀತಿಯ ಪ್ರಶ್ನೆಯಲ್ಲ. 64-ಬಿಟ್ ವಿಂಡೋಸ್‌ನಲ್ಲಿ 16-ಬಿಟ್ ಪ್ರೋಗ್ರಾಮು, ಅಂದರೆ ಡಾಸ್ ಕಾಲದ ಫಾಕ್ಸ್‌ಪ್ರೋ ಬಿಲ್ಲಿಂಗ್, ಓಡುವುದಿಲ್ಲ. ಕಾಳುಕಡಿ ವ್ಯಾಪಾರದ ಅಡತಿಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ ಇಂಥ ಪ್ರೋಗ್ರಾಮನ್ನೇ ನಂಬಿಕೊಂಡವರು ಇದ್ದರೆ ಅವರು ಕಡ್ಡಾಯವಾಗಿ ಮೊದಲು ಇದನ್ನು ನೋಡಬೇಕು. ವಿಷುವಲ್ ಫಾಕ್ಸ್‌ಪ್ರೋದಲ್ಲಿ ಬರೆದದ್ದಾದರೆ ಅದು 32-ಬಿಟ್, ಓಡುತ್ತದೆ. ಡಾಸ್‌ನದೇ ಆದರೆ ಡಾಸ್‌ಬಾಕ್ಸ್ (ಡಾಸ್ ಅನುಕರಿಸುವ ತಂತ್ರಾಂಶ) ಒಳಗೆ ಓಡಿಸಬಹುದು, ಆದರೆ ಪ್ರಿಂಟ್ ಹೊರಡಿಸುವುದು ಪೇಚಿನ ಕೆಲಸ. ಸುಗ್ಗಿ ನಡೆದಿರುವಾಗ ಈ ಪ್ರಯೋಗಕ್ಕೆ ಕೈ ಹಾಕಬೇಡಿ.

ಈಗ ಹಾಕುವ ಕೆಲಸ. ದಿನ ಆರಿಸುವುದೂ ಅದರ ಭಾಗವೇ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆದ್ದರಿಂದ 21ರ ನಂತರ, ಅಂಗಡಿಯ ವಾರದ ರಜೆಯ ಹಿಂದಿನ ಸಂಜೆ ಶುರು ಮಾಡಿ. ಏನಾದರೂ ಕೆಟ್ಟರೆ ಸರಿಪಡಿಸಿಕೊಳ್ಳಲು ಒಂದು ಪೂರ್ತಿ ದಿನ ಕೈಯಲ್ಲಿರುತ್ತದೆ. ಹೆಸ್ಕಾಂ ಕರೆಂಟಿನ ವಿಚಾರ ಎಲ್ಲರಿಗೂ ಗೊತ್ತಿದೆ. 600 ವಿಎ ಯುಪಿಎಸ್ ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡುವಷ್ಟು ಹೊತ್ತು ಎಳೆಯುತ್ತದೆ, ಅಪ್‌ಗ್ರೇಡ್ ಮುಗಿಯುವವರೆಗೆ ಎಳೆಯುವುದಿಲ್ಲ. ಇನ್ವರ್ಟರ್ ಲೈನಿಗೆ ಹಾಕಿ, ಇನ್ವರ್ಟರಿನ ಸ್ವಿಚ್ ‘ಯುಪಿಎಸ್ ಮೋಡ್’ನಲ್ಲಿರಲಿ. ಸಾದಾ ಮೋಡಿನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬರುವ ಸಣ್ಣ ಅಂತರದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ನಡುವೆ ಕರೆಂಟ್ ಹೋದರೂ ವಿಂಡೋಸ್ ಬಹುತೇಕ ಹಳೆಯ ಸ್ಥಿತಿಗೆ ಮರಳುತ್ತದೆ, ಆದರೆ ಅದನ್ನು ಪರೀಕ್ಷೆ ಮಾಡಿ ನೋಡುವ ಅಗತ್ಯವಿಲ್ಲ.

ಬ್ಯಾಕಪ್ ಎಂದರೆ ಸಿ ಡ್ರೈವಿನಿಂದ ಡಿ ಡ್ರೈವಿಗೆ ಕಾಪಿ ಮಾಡುವುದಲ್ಲ, ಎರಡೂ ಒಂದೇ ಡಿಸ್ಕಿನಲ್ಲಿರುತ್ತವೆ. ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ಅದನ್ನು ಬಿಚ್ಚಿ ಪಕ್ಕಕ್ಕಿಡಿ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿ ಬ್ಯಾಕಪ್ ತೆಗೆದುಕೊಳ್ಳಿ. ಹೊಸದಾಗಿ ಹಾಕುವುದಿದ್ದರೆ, ಅಂದರೆ ಫಾರ್ಮ್ಯಾಟ್ ಮಾಡುವುದಿದ್ದರೆ, ಅದಕ್ಕೂ ಮೊದಲು ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿ (ಈ ಯಂತ್ರದಿಂದ ಬಿಡಿಸಿಕೊಳ್ಳಿ). ಎಫ್1 ಸಹಾಯದ ಮೆನುವಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಲೈಸೆನ್ಸ್, ಅಲ್ಲಿ ಸರೆಂಡರ್ ಸಿಗುತ್ತದೆ. ಮಾಡದೆ ಫಾರ್ಮ್ಯಾಟ್ ಹೊಡೆದರೆ ಆಮೇಲೆ ಲೈಸೆನ್ಸ್ ಮತ್ತೆ ಚಾಲೂ ಮಾಡಿಸಲು ಅಲೆದಾಟ ಶುರುವಾಗುತ್ತದೆ. ಫೈಲು, ಪ್ರೋಗ್ರಾಮು ಉಳಿಸಿಕೊಂಡು ಮಾಡುವ ಅಪ್‌ಗ್ರೇಡಿನಲ್ಲಿ ಈ ತಾಪತ್ರಯ ಸಾಮಾನ್ಯವಾಗಿ ಬರುವುದಿಲ್ಲ. ನಾವು ಅಂಗಡಿ ಯಂತ್ರಗಳಿಗೆ ಫಾರ್ಮ್ಯಾಟಿಗಿಂತ ಅಪ್‌ಗ್ರೇಡನ್ನೇ ಹೇಳುವುದು ಈ ಕಾರಣಕ್ಕೆ.

ಇಳಿಸುವ ದಾರಿ ಎರಡು. ಒಂದೇ ಯಂತ್ರವಿದ್ದು ನೆಟ್ ಚೆನ್ನಾಗಿದ್ದರೆ ‘ಇನ್‌ಸ್ಟಾಲೇಷನ್ ಅಸಿಸ್ಟೆಂಟ್’ ಸಾಕು. ಇಳಿಸಲು ಕನಿಷ್ಠ 9 ಜಿಬಿ ಖಾಲಿ ಬೇಕು, ಸಿ ಡ್ರೈವಿನಲ್ಲಿ 30 ಜಿಬಿ ಬಿಟ್ಟುಕೊಂಡರೆ ನೆಮ್ಮದಿ. ಎರಡು-ಮೂರು ಯಂತ್ರಗಳಿದ್ದರೆ, ಅಥವಾ ಮೊಬೈಲ್ ಹಾಟ್‌ಸ್ಪಾಟಿನ ಮೇಲೆ ಬದುಕುವವರಾದರೆ, ಐಎಸ್‌ಒ ಫೈಲನ್ನು (ಅಳವಡಿಕೆಯ ಡಿಸ್ಕಿನ ಪೂರ್ತಿ ಪ್ರತಿ) ಮೈಕ್ರೋಸಾಫ್ಟ್ ಸೈಟಿನಿಂದಲೇ ಒಮ್ಮೆ ಇಳಿಸಿಕೊಳ್ಳಿ. ಎಲ್ಲ ಯಂತ್ರಕ್ಕೂ ಅದೇ ಬರುತ್ತದೆ. ಅದನ್ನು ಮೌಂಟ್ ಮಾಡಿ (ಡ್ರೈವಿನಂತೆ ತೆರೆದು), ವಿಂಡೋಸ್ 10 ಓಡುತ್ತಿರುವಾಗಲೇ ಒಳಗಿನ ‘ಸೆಟಪ್’ ಒತ್ತಬೇಕು, ಪೆನ್‌ಡ್ರೈವ್‌ನಿಂದ ಬೂಟ್ ಮಾಡಬಾರದು. ಬೂಟ್ ಮಾಡಿದರೆ ಫೈಲು, ಪ್ರೋಗ್ರಾಮು ಉಳಿಸುವ ಆಯ್ಕೆಯೇ ಬರುವುದಿಲ್ಲ. ಮೊದಲ ಪರದೆಯಲ್ಲಿ ಅಪ್‌ಡೇಟ್ ಇಳಿಸುವ ರೀತಿ ಬದಲಿಸುವ ಕೊಂಡಿ ಇದೆ, ಅದನ್ನೊತ್ತಿ ‘ನಾಟ್ ರೈಟ್ ನೌ’ ಆರಿಸಿದರೆ ಅರ್ಧ ಗಂಟೆ ಉಳಿಯುತ್ತದೆ.

ಕೊನೆಯ ಪರದೆಯಲ್ಲಿ ‘ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್’ ಎಂದು ತೋರಿಸಬೇಕು. ಅದು ಮಸುಕಾಗಿ, ಆರಿಸಲು ಬಾರದಂತಿದ್ದರೆ ಅಲ್ಲೇ ನಿಲ್ಲಿಸಿ. ಭಾರತದ ಯಂತ್ರಗಳಲ್ಲಿ ಇದಕ್ಕೆ ಬಹುಪಾಲು ಒಂದೇ ಕಾರಣ: ಭಾಷೆಯ ಹೊಂದಾಣಿಕೆ. ಹಳೆಯ ವಿಂಡೋಸ್ ಇಂಗ್ಲಿಷ್ ಅಮೆರಿಕದ್ದು, ಐಎಸ್‌ಒ ಇಂಗ್ಲಿಷ್ ಇಂಟರ್‌ನ್ಯಾಷನಲ್, ಅಥವಾ ಇದರ ಉಲ್ಟಾ. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಸ್ಮ್ ಕಮಾಂಡನ್ನು ‘ಆನ್‌ಲೈನ್’, ‘ಗೆಟ್-ಇಂಟ್ಲ್’ ಸ್ವಿಚ್‌ಗಳೊಡನೆ (dism /online /get-intl) ಓಡಿಸಿದರೆ ಸಿಸ್ಟಮ್ ಭಾಷೆ ಯಾವುದೆಂದು ಮೊದಲ ಸಾಲುಗಳಲ್ಲೇ ಬರುತ್ತದೆ. ‘ಇಎನ್-ಯುಎಸ್’ ಇದ್ದರೆ ಬರೀ ‘ಇಂಗ್ಲಿಷ್’ ಎಂದಿರುವ ಐಎಸ್‌ಒ, ‘ಇಎನ್-ಜಿಬಿ’ ಇದ್ದರೆ ಇಂಟರ್‌ನ್ಯಾಷನಲ್. ಇದೊಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಯಂತ್ರಗಳು ಸುಮ್ಮಸುಮ್ಮನೆ ಫಾರ್ಮ್ಯಾಟ್ ಆಗುತ್ತವೆ, ಅದು ಬೇಸರದ ಮಾತು.

ಎಸ್‌ಎಸ್‌ಡಿ ಯಂತ್ರದಲ್ಲಿ ಒಂದರಿಂದ ಒಂದೂವರೆ ಗಂಟೆ, ನಡುವೆ ಹಲವು ಸಲ ರೀಸ್ಟಾರ್ಟ್. ಒಂದೇ ಶೇಕಡಾವಾರಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ ನಿಂತರೂ ಪವರ್ ಬಟನ್ ಮುಟ್ಟಬೇಡಿ, ಡಿಸ್ಕಿನ ದೀಪ ಮಿನುಗುತ್ತಿದೆಯೇ ನೋಡಿ. ಸಿ1900101ರಿಂದ ಶುರುವಾಗುವ ದೋಷ ಬಂದು ಹಿಂದಕ್ಕೆ ಹೋದರೆ ಅದು ಡ್ರೈವರಿನ ತಕರಾರು. ಪ್ರಿಂಟರ್, ಟೋಕನ್, ಬೆರಳಚ್ಚಿನ ಯಂತ್ರ ಎಲ್ಲ ಬಿಚ್ಚಿ, ಕೀಬೋರ್ಡ್ ಮತ್ತು ಮೌಸ್ ಮಾತ್ರ ಬಿಟ್ಟು, ಮೈಕ್ರೋಸಾಫ್ಟ್‌ನದಲ್ಲದ ಆ್ಯಂಟಿವೈರಸ್ ತೆಗೆದುಹಾಕಿ ಮತ್ತೆ ಮಾಡಿ. ಬಹಳಷ್ಟು ಸಲ ಇಷ್ಟಕ್ಕೇ ದಾರಿಗೆ ಬರುತ್ತದೆ. 80070070 ಬಂದರೆ ಜಾಗ ಸಾಲದು ಎಂದರ್ಥ. ‘ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ’ ಎಂಬ ಸಂದೇಶಕ್ಕೆ ಕಾರಣ ಬೇರೆ: ಬೂಟ್ ಕಡತಗಳಿರುವ ಆ ಪುಟ್ಟ ಪಾರ್ಟಿಷನ್ ತುಂಬಿರುತ್ತದೆ. ಅದರೊಳಗಿನ ಬೂಟ್ ಫೋಲ್ಡರಿನ ಫಾಂಟ್ ಕಡತಗಳನ್ನಷ್ಟೇ ಅಳಿಸಿ ಜಾಗ ಮಾಡುವ ವಿಧಾನವನ್ನು ಮೈಕ್ರೋಸಾಫ್ಟ್ ತಾನೇ ಕೊಟ್ಟಿದೆ. ಕೈ ತಪ್ಪಿದರೆ ಯಂತ್ರ ಏಳದು, ಇದನ್ನು ಬಲ್ಲವರಿಂದ ಮಾಡಿಸಿ.

ಎದ್ದ ಮೇಲೆ ಮೊದಲು ಕಾಣುವ ಬದಲಾವಣೆ ಟಾಸ್ಕ್‌ಬಾರ್. ಐಕಾನ್‌ಗಳು ನಡುವಿಗೆ ಬಂದಿರುತ್ತವೆ. ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಟಾಸ್ಕ್‌ಬಾರ್, ಅಲ್ಲಿ ಬಿಹೇವಿಯರ್ಸ್ ತೆರೆದು ಎಡಕ್ಕೆ ತನ್ನಿ. ಅದೇ ಜಾಗದಲ್ಲಿ ‘ಕಂಬೈನ್’ ಎಂಬುದನ್ನು ‘ನೆವರ್’ ಮಾಡಿದರೆ ಹಳೆಯ ಹಾಗೆ ಪ್ರತಿ ಕಿಟಕಿಗೂ ಹೆಸರು ಕಾಣುತ್ತದೆ. ಬಲ-ಕ್ಲಿಕ್ ಮೆನು ಚಿಕ್ಕದಾಗಿದೆ, ಶಿಫ್ಟ್ ಹಿಡಿದು ಬಲ-ಕ್ಲಿಕ್ ಮಾಡಿದರೆ ಹಳೆಯ ಉದ್ದ ಮೆನು ನೇರ ಬರುತ್ತದೆ. 24ಎಚ್2 (2024ರ ದ್ವಿತೀಯಾರ್ಧದ) ಆವೃತ್ತಿಯಿಂದ ವರ್ಡ್‌ಪ್ಯಾಡ್ ಇಲ್ಲ, ಅದರಲ್ಲೇ ಅರ್ಜಿ ಬರೆದುಕೊಡುತ್ತಿದ್ದವರು ಲಿಬ್ರೆಆಫೀಸ್ ಹಾಕಿಕೊಳ್ಳಲಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಇಲ್ಲ. ಅದನ್ನೇ ಕೇಳುವ ಹಳೆಯ ಸೈಟುಗಳಿಗೆ ಎಡ್ಜ್‌ನ ಡಿಫಾಲ್ಟ್ ಬ್ರೌಸರ್ ಸೆಟ್ಟಿಂಗ್ಸಿನಲ್ಲಿ ಐಇ ಮೋಡ್ ಚಾಲೂ ಮಾಡಿ. ಒಮ್ಮೆ ಸೇರಿಸಿದ ವಿಳಾಸ 30 ದಿನ ಉಳಿಯುತ್ತದೆ, ಆಮೇಲೆ ಮತ್ತೆ ಸೇರಿಸಬೇಕು.

ಒನ್‌ಡ್ರೈವ್ ಬಗ್ಗೆ ಮಾತ್ರ ನಮ್ಮ ತಕರಾರು ಗಟ್ಟಿಯಾಗಿದೆ. ‘ನಿಮ್ಮ ಫೈಲುಗಳನ್ನು ಬ್ಯಾಕಪ್ ಮಾಡಿ’ ಎಂದು ಕೇಳುವ ಪರದೆಗೆ ಹೂಂ ಎಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳೇ ಒನ್‌ಡ್ರೈವ್ ಒಳಗೆ ಸರಿಯುತ್ತವೆ. ಉಚಿತ ಜಾಗ 5 ಜಿಬಿ. ಲಗ್ನಪತ್ರಿಕೆಯ ಕೋರಲ್‌ಡ್ರಾ ಫೈಲುಗಳನ್ನು ಡೆಸ್ಕ್‌ಟಾಪಿನ ಮೇಲೇ ಇಟ್ಟುಕೊಂಡ ಪ್ರೆಸ್ಸಿನವರಿಗೆ ಅದು ತುಂಬಲು ಎಷ್ಟು ಹೊತ್ತು? ತುಂಬಿದ ಮೇಲೆ ದಿನವೂ ಎಚ್ಚರಿಕೆ, ನೆಟ್ ನಿಧಾನ, ಫೈಲಿನ ವಿಳಾಸ ಬದಲಾಗಿ ಹಳೆಯ ಲಿಂಕುಗಳು ಮುರಿದಿರುತ್ತವೆ. ಆ ಪರದೆಯನ್ನು ದಾಟಿ ಮುಂದೆ ಹೋಗಿ. ಈಗಾಗಲೇ ಚಾಲೂ ಆಗಿದ್ದರೆ ಒನ್‌ಡ್ರೈವ್ ಸೆಟ್ಟಿಂಗ್ಸಿನ ‘ಮ್ಯಾನೇಜ್ ಬ್ಯಾಕಪ್’ನಲ್ಲಿ ಒಂದೊಂದಾಗಿ ನಿಲ್ಲಿಸಿ.

ಕನ್ನಡದ ವಿಚಾರಕ್ಕೆ ಬರೋಣ. ವಿಂಡೋಸ್ 11ರ ಕನ್ನಡ ಟೈಪಿಂಗ್ ನಿಜಕ್ಕೂ ಮೆಚ್ಚುವಂಥದು. ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ಕನ್ನಡ ಸೇರಿಸಿ, ‘ಕನ್ನಡ ಫೋನೆಟಿಕ್’ ಕೀಬೋರ್ಡ್ ಹಾಕಿಕೊಂಡರೆ ಯಾವ ಹೊರಗಿನ ತಂತ್ರಾಂಶವೂ ಬೇಡ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಲ್ಯಾಪ್‌ಟಾಪಿನಲ್ಲಿ ‘ಹೋಂ ಸಿಂಗಲ್ ಲ್ಯಾಂಗ್ವೇಜ್’ ಇದೆಯೆಂದು ಹಿಂಜರಿಯಬೇಡಿ. ಆ ನಿರ್ಬಂಧ ಮೆನುಗಳ ಭಾಷೆಗೆ, ಕೀಬೋರ್ಡಿಗಲ್ಲ. ತುಂಗಾ ಫಾಂಟಿನಲ್ಲಿ ಮಾಡಿದ ಹಳೆಯ ಪತ್ರಗಳು ಬೇರೆ ಅಕ್ಷರದಲ್ಲಿ ತೆರೆದು ಸಾಲು ಮುರಿದರೆ, ಆಪ್ಷನಲ್ ಫೀಚರ್ಸ್‌ಗೆ ಹೋಗಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹಾಕಿ. ತುಂಗಾ ಈಗ ಆ ಕಟ್ಟಿನೊಳಗೆ ಬರುತ್ತದೆ.

ನುಡಿ ಮತ್ತು ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕೆಲಸ ಮಾಡುವ ಗದಗ, ಹುಬ್ಬಳ್ಳಿಯ ಡಿಟಿಪಿಯವರು ಇನ್ನೊಂದನ್ನು ಗಮನಿಸಬೇಕು. ಫಾಂಟ್ ಫೈಲಿನ ಮೇಲೆ ಸಾದಾ ‘ಇನ್‌ಸ್ಟಾಲ್’ ಒತ್ತಿದರೆ ಅದು ಆ ಯೂಸರಿಗೆ ಮಾತ್ರ ಸೇರುತ್ತದೆ, ವಿಂಡೋಸ್‌ನ ಫಾಂಟ್ಸ್ ಫೋಲ್ಡರಿಗೆ ಹೋಗುವುದಿಲ್ಲ. ಪೇಜ್‌ಮೇಕರಿನಂಥ ಹಳೆಯ ಪ್ರೋಗ್ರಾಮುಗಳಿಗೆ ಅದು ಕಾಣದೇ ಇರಬಹುದು. ಹಳೆಯ ಉದ್ದ ಮೆನು ತೆರೆದು ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂದೇ ಹಾಕಿ. ಪೇಜ್‌ಮೇಕರ್ 7 ಓಡುತ್ತದೆ, ಆದರೆ ಒಂದು ಡಿಫಾಲ್ಟ್ ಪ್ರಿಂಟರ್ ಇಲ್ಲದಿದ್ದರೆ ಮುನಿಸಿಕೊಳ್ಳುತ್ತದೆ. ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಲ್ಲಿ ಡಿಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ ಎಂಬ ಆಯ್ಕೆ ಆಫ್ ಮಾಡಿ, ನಿಮ್ಮ ಪ್ರಿಂಟರನ್ನು ನೀವೇ ಡಿಫಾಲ್ಟ್ ಮಾಡಿ. ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಮತ್ತು ಪತ್ರ ಹೊಡೆಯುವ ಲೇಸರ್ ಎರಡೂ ಇರುವ ಅಂಗಡಿಗೂ ಇದು ಬೇಕು. ಇಲ್ಲದಿದ್ದರೆ ಕೊನೆಗೆ ಬಳಸಿದ್ದೇ ಡಿಫಾಲ್ಟ್ ಆಗಿ, ಬಿಲ್ಲು ಲೇಸರಿನಲ್ಲಿ ಬರುತ್ತದೆ.

ಎಲ್ಲೆಡೆ ಕಾಣುವ ಕ್ಯಾನನ್ ಎಲ್‌ಬಿಪಿ 2900 ವಿಂಡೋಸ್ 11ರಲ್ಲಿ ಓಡುತ್ತದೆ. 64-ಬಿಟ್‌ನ 3.30 ಆವೃತ್ತಿಯ ಡ್ರೈವರನ್ನು ಕ್ಯಾನನ್ ಸೈಟಿನಿಂದ ಇಳಿಸಿ, ಸೆಟಪ್ ಕೇಳಿದ ಮೇಲಷ್ಟೇ ಯುಎಸ್‌ಬಿ ಜೋಡಿಸಿ. ಆ ಡ್ರೈವರ್ ಫೈಲನ್ನು ಪೆನ್‌ಡ್ರೈವಿನಲ್ಲಿ ಜೋಪಾನವಾಗಿಡಿ. ಪ್ರಿಂಟರ್ ಸೆಟ್ಟಿಂಗ್ಸಿನಲ್ಲಿ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಎಂಬುದೊಂದಿದೆ, ಅದನ್ನು ಆನ್ ಮಾಡಬೇಡಿ. ಆನ್ ಆದರೆ ಕಂಪನಿಯ ಡ್ರೈವರುಗಳನ್ನು ಒಳಗೆ ಬಿಡುವುದಿಲ್ಲ, 2900ರಂಥ ಹಳೆಯ ಪ್ರಿಂಟರ್ ಮೂಲೆ ಸೇರುತ್ತದೆ.

ಜಿಎಸ್‌ಟಿ, ಕೆಪಿಪಿಪಿ (ರಾಜ್ಯ ಸರ್ಕಾರದ ಖರೀದಿ ಪೋರ್ಟಲ್) ಟೆಂಡರುಗಳಿಗೆ ಡಿಎಸ್‌ಸಿ ಬಳಸುವವರು ಟೋಕನ್ ಡ್ರೈವರನ್ನು ತಯಾರಕರ ಹೊಸ ಆವೃತ್ತಿಯಿಂದ ಮತ್ತೆ ಹಾಕಿ, ಎಂಸೈನರನ್ನು (ಸೈಟಿನಲ್ಲಿ ಸಹಿ ಹಾಕಿಸುವ ತಂತ್ರಾಂಶ) ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ಈ ಡ್ರೈವರ್ ಲೋಡ್ ಆಗುವುದಿಲ್ಲ’ ಎಂದು ವಿಂಡೋಸ್ ತಡೆದರೆ ಕಾರಣ ಕೋರ್ ಐಸೋಲೇಷನ್ನಿನ ‘ಮೆಮೊರಿ ಇಂಟೆಗ್ರಿಟಿ’, ಅಂದರೆ ಅಪಾಯದ ಡ್ರೈವರ್ ತಡೆಯುವ ವಿಂಡೋಸ್ ಕಾವಲು. ಅದನ್ನು ಆಫ್ ಮಾಡಿ ಕೈ ತೊಳೆದುಕೊಳ್ಳುವುದು ಅಂಗಡಿಗಳ ರೂಢಿ. ನಮ್ಮ ಪ್ರಕಾರ ಮೊದಲು ಹೊಸ ಡ್ರೈವರ್ ಹುಡುಕಬೇಕು, ಏಕೆಂದರೆ ಆ ಕಾವಲು ಇರುವುದು ನಿಮ್ಮ ಸಹಿಯ ಟೋಕನ್ ಚುಚ್ಚುವ ಯಂತ್ರಕ್ಕೇ. ಪಿನ್ ಪದೇ ಪದೇ ತಪ್ಪು ಹಾಕಿ ಟೋಕನ್ ಲಾಕ್ ಮಾಡಿಕೊಳ್ಳಬೇಡಿ. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳ ಬೆರಳಚ್ಚಿನ ಯಂತ್ರದ ದೀಪ ಉರಿದರೂ ಸೈಟು ‘ಡಿವೈಸ್ ಇಲ್ಲ’ ಎಂದರೆ, ಸರ್ವಿಸಸ್ ಪಟ್ಟಿ ತೆರೆದು ಆರ್‌ಡಿ ಸರ್ವಿಸ್ (ಬೆರಳಚ್ಚಿನ ಯಂತ್ರವನ್ನು ಸೈಟಿಗೆ ಜೋಡಿಸುವ ಪ್ರೋಗ್ರಾಮು) ಓಡುತ್ತಿದೆಯೇ, ‘ಆಟೋಮ್ಯಾಟಿಕ್’ ಇದೆಯೇ ನೋಡಿ.

ಎರಡು-ಮೂರು ಕಂಪ್ಯೂಟರಿನಲ್ಲಿ ಟ್ಯಾಲಿ ಹಂಚಿಕೊಂಡವರಿಗೆ ಬರುವ ಪೆಟ್ಟು ದೊಡ್ಡದು, ಅದು ಸೋಮವಾರ ಬೆಳಿಗ್ಗೆಯೇ ಬರುತ್ತದೆ. ಮುಖ್ಯ ಯಂತ್ರದ ಡೇಟಾ ಫೋಲ್ಡರನ್ನು ಪಾಸ್‌ವರ್ಡ್ ಇಲ್ಲದೆ ‘ಎವ್ರಿವನ್’ಗೆ ಶೇರ್ ಮಾಡಿ, ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿಡುವುದು ಇಲ್ಲಿನ ರೂಢಿ. 24ಎಚ್2ರಿಂದ ಪ್ರೋ ಆವೃತ್ತಿ ಇಂಥ ಗೆಸ್ಟ್ ಪ್ರವೇಶವನ್ನು ತಡೆಯುತ್ತದೆ, ಎಸ್‌ಎಂಬಿ ಸೈನಿಂಗ್ (ಯಂತ್ರಗಳ ನಡುವಿನ ಫೈಲ್ ಹಂಚಿಕೆಗೆ ಗುರುತಿನ ಸಹಿ) ಕಡ್ಡಾಯ ಮಾಡುತ್ತದೆ. ಪಕ್ಕದ ಯಂತ್ರದಲ್ಲಿ ಕಂಪನಿಗಳ ಪಟ್ಟಿ ಖಾಲಿ. ಇಂಟರ್ನೆಟ್ಟಿನಲ್ಲಿ ಸಿಗುವ, ರಿಜಿಸ್ಟ್ರಿ ತಿದ್ದಿ ಗೆಸ್ಟ್ ತೆರೆಯುವ ಉಪಾಯ ಬೇಡ, ರ‍್ಯಾನ್‌ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಹರಡುವುದು ಆ ಬಾಗಿಲಿನಿಂದಲೇ. ಸರಿಯಾದ ದಾರಿ ಹತ್ತು ನಿಮಿಷದ್ದು. ಮುಖ್ಯ ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಒಂದು ಲೋಕಲ್ ಯೂಸರ್ ಮಾಡಿ. ಫೋಲ್ಡರಿನ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಕಡೆ ಅವನಿಗೆ ಬರೆಯುವ ಅನುಮತಿ ಕೊಡಿ. ಉಳಿದ ಯಂತ್ರಗಳ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಮುಖ್ಯ ಯಂತ್ರದ ಹೆಸರು, ಆ ಯೂಸರ್, ಪಾಸ್‌ವರ್ಡ್ ಸೇರಿಸಿ. ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಆಗಿದ್ದರೆ ‘ಪ್ರೈವೇಟ್’ ಮಾಡಿ, ಇಲ್ಲದಿದ್ದರೆ ಯಂತ್ರಗಳು ಒಂದಕ್ಕೊಂದು ಕಾಣುವುದೇ ಇಲ್ಲ.

ಅಂಗಡಿಯವರ ಕೈಯಲ್ಲಿ ಮಾಡಿಸುವುದಾದರೆ, ‘ಫಾರ್ಮ್ಯಾಟ್ ಹೊಡದು ಹೊಸಾದ್ ಹಾಕಿ ಕೊಡ್ತೀವ್ರಿ’ ಎಂದ ಕೂಡಲೇ ಒಪ್ಪಬೇಡಿ. ಅಪ್‌ಗ್ರೇಡ್ ಏಕೆ ಆಗುವುದಿಲ್ಲ ಎಂದು ಕೇಳಿ, ಪರದೆಯ ಮೇಲಿನ ಕಾರಣ ತೋರಿಸಲಿ. ವಿಂಡೋಸ್ 10 ಅಸಲಿ ಇದ್ದರೆ 11ಕ್ಕೆ ಬೇರೆ ಕೀ ಬೇಡ, ಅದಕ್ಕೆ ರೊಕ್ಕ ಕೇಳಿದರೆ ಕೊಡಬೇಡಿ. ಆ್ಯಕ್ಟಿವೇಟರ್ (ನಕಲಿ ಲೈಸೆನ್ಸ್ ಮಾಡುವ ಪ್ರೋಗ್ರಾಮು) ಓಡಿಸಲು ಬಿಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸದಾಗಿ ಹಾಕುವಾಗ ಕೇಳುವ ಮೈಕ್ರೋಸಾಫ್ಟ್ ಅಕೌಂಟ್ ನಿಮ್ಮದೇ ಇರಲಿ. 24ಎಚ್2ರಿಂದ ಹೊಸ ಅಳವಡಿಕೆಯಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ (ಡೇಟಾಕ್ಕೆ ಗೂಢಲಿಪಿಯ ಬೀಗ) ತಾನಾಗಿ ಚಾಲೂ ಆಗಬಹುದು, ಅದರ 48 ಅಂಕಿಯ ರಿಕವರಿ ಕೀ ಆ ಅಕೌಂಟಿನಲ್ಲಿ ಕೂರುತ್ತದೆ. ಟೆಕ್ನಿಷಿಯನ್ ತನ್ನ ಇಮೇಲ್ ಹಾಕಿದ್ದರೆ ಕೀ ಅವನ ಬಳಿ. ಮುಂದೆ ಬೋರ್ಡ್ ಬದಲಿಸಿದ ದಿನ ಅವನು ಸಿಗದಿದ್ದರೆ ಡೇಟಾ ಹೋದಂತೆಯೇ. ಮೈಕ್ರೋಸಾಫ್ಟ್ ಅಕೌಂಟಿನ ಡಿವೈಸಸ್ ಪುಟದಿಂದ ಕೀ ತೆಗೆದು, ಕಾಗದದ ಮೇಲೆ ಪ್ರಿಂಟ್ ಹಾಕಿ, ಅಂಗಡಿಯ ಲೈಸೆನ್ಸ್ ಕಾಗದಗಳ ಜೊತೆ ಇಡಿ. ಈಗಾಗಲೇ ಬಿಟ್‌ಲಾಕರ್ (ಅದೇ ಎನ್‌ಕ್ರಿಪ್ಷನ್) ಇದ್ದ ಯಂತ್ರದಲ್ಲಿ ಬಯೋಸ್ ಮುಟ್ಟುವ ಮೊದಲು ಅದನ್ನು ಸಸ್ಪೆಂಡ್ ಮಾಡಿ.

ಅರ್ಹವಲ್ಲದ ಯಂತ್ರಕ್ಕೆ ರೂಫಸ್ ಎಂಬ ಬೂಟ್ ಪೆನ್‌ಡ್ರೈವ್ ಮಾಡುವ ತಂತ್ರಾಂಶದಿಂದ ಟಿಪಿಎಂ ಪರೀಕ್ಷೆ ತೆಗೆದು ಹಾಕಿಕೊಡುವವರು ಇದ್ದಾರೆ. ಓಡುತ್ತದೆ, ಸುಳ್ಳಲ್ಲ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನಗಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ, ವರ್ಷದ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ. ತೀರ ಹಳೆಯ ಪ್ರೊಸೆಸರಿನಲ್ಲಿ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಆದೇಶಗಳಿಲ್ಲದಿದ್ದರೆ 24ಎಚ್2 ಬೂಟ್ ಕೂಡ ಆಗದು. ಲೆಕ್ಕಪತ್ರ ಇರುವ ಯಂತ್ರಕ್ಕೆ ಇದು ಬೇಡ. ಅದರ ಬದಲು ವಿಂಡೋಸ್ 10ರ 22ಎಚ್2ರಲ್ಲೇ ಉಳಿದು, ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಇಎಸ್‌ಯುಗೆ (ವಿಸ್ತರಿತ ಸುರಕ್ಷಾ ಅಪ್‌ಡೇಟ್ ಯೋಜನೆ) ಸೇರಿಕೊಳ್ಳಿ. ಮನೆ ಬಳಕೆಯ ಯಂತ್ರಗಳಿಗಾಗಿ ಇರುವ ಈ ಯೋಜನೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷಾ ಅಪ್‌ಡೇಟ್ ಕೊಡುವಂತೆ ಘೋಷಣೆಯಾಗಿತ್ತು. ಮೈಕ್ರೋಸಾಫ್ಟ್ ಅಕೌಂಟಿನಿಂದ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಹಣ ಕೊಡಬೇಕಿಲ್ಲ, ಸಿಂಕ್ ಬೇಡವೆಂದರೆ 30 ಡಾಲರ್ ಅಥವಾ 1000 ರಿವಾರ್ಡ್ಸ್ ಪಾಯಿಂಟ್. ಬ್ರೌಸರ್ ಮತ್ತು ಪತ್ರ ಬರೆಯುವ ಕೆಲಸ ಮಾತ್ರ ಇರುವ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್) ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತದೆ. ಟ್ಯಾಲಿ ಮಾತ್ರ ಅದರಲ್ಲಿ ನೇರವಾಗಿ ಓಡುವುದಿಲ್ಲ.

ಆವೃತ್ತಿ ಆರಿಸುವಾಗ 25ಎಚ್2ನ್ನೇ ಹಾಕಿ. ಹೋಂ ಮತ್ತು ಪ್ರೋಗೆ 24ಎಚ್2ರ ಬೆಂಬಲ 2026ರ ಅಕ್ಟೋಬರ್ 13ಕ್ಕೆ ಮುಗಿದರೆ, 25ಎಚ್2ರದು 2027ರ ಅಕ್ಟೋಬರ್ 12ರವರೆಗಿದೆ. 24ಎಚ್2 ಇದ್ದ ಯಂತ್ರಕ್ಕೆ ಅದು ಸಣ್ಣ ಅಪ್‌ಡೇಟಿನಂತೆ ಒಂದೇ ರೀಸ್ಟಾರ್ಟಿನಲ್ಲಿ ಕೂರುತ್ತದೆ.

ಅಪ್‌ಗ್ರೇಡ್ ಆದ ಮೇಲೆ ಹಳೆಯದಕ್ಕೆ ಮರಳಲು 10 ದಿನ ಅವಕಾಶವಿದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ ‘ಗೋ ಬ್ಯಾಕ್’. ಒಂದು ಪೂರ್ತಿ ಜಿಎಸ್‌ಟಿ ತಿಂಗಳು ನೋಡಿಯೇ ತೀರ್ಮಾನಿಸಬೇಕು ಎನ್ನುವವರು ಮೊದಲ ದಿನವೇ ಡಿಸ್ಮ್ ಕಮಾಂಡಿನ ‘ಸೆಟ್-ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ’ ಸ್ವಿಚ್‌ನಿಂದ (dism /online /set-osuninstallwindow /value:60) ಇದನ್ನು 60 ದಿನಕ್ಕೆ ಹೆಚ್ಚಿಸಿಕೊಳ್ಳಬಹುದು. ಅಲ್ಲಿಯವರೆಗೆ ‘ವಿಂಡೋಸ್.ಓಲ್ಡ್’ ಫೋಲ್ಡರ್ ಸಿ ಡ್ರೈವಿನಲ್ಲಿ 20 ಜಿಬಿಗೂ ಹೆಚ್ಚು ಜಾಗ ಹಿಡಿದಿರಬಹುದು, ಜಾಗ ಕಡಿಮೆಯೆಂದು ಡಿಸ್ಕ್ ಕ್ಲೀನಪ್ ಮಾಡಿದರೆ ಮರಳುವ ದಾರಿಯೂ ಅದರೊಡನೆ ಅಳಿಯುತ್ತದೆ. ಬಿಲ್, ರಿಟರ್ನ್, ಟೋಕನ್ ಸಹಿ, ಹಂಚಿಕೊಂಡ ಟ್ಯಾಲಿ, ಎರಡೂ ಪ್ರಿಂಟರ್ ಒಂದೊಂದು ಸಲವಾದರೂ ಸರಿಯಾಗಿ ನಡೆದ ಮೇಲೆ ಸ್ಟೋರೇಜ್ ಪುಟದ ಟೆಂಪರರಿ ಫೈಲ್ಸ್‌ನಿಂದ ಅದನ್ನು ಅಳಿಸಿ.